ಬೆಕ್ಕೂ ಬರಲಿ, ನಾನೂ ಬರುತ್ತೇನೆ

ಮಾನ್ಯ ಅಧ್ಯಕ್ಷರೇ, ನನ್ನ ಮಾತು ಬೇಗ ಮುಗಿಯಲಿ ಎಂದು ಆಗಲೇ ಗಡಿಯಾರ ನೋಡುತ್ತಿರುವ ಮುಖ್ಯ ಅತಿಥಿಗಳೇ, ಮುಂದಿನ ಸಾಲಿನ ಪಶುವೈದ್ಯರೇ, ಬೆಕ್ಕು ನಾಯಿಗಳನ್ನು ಹೆತ್ತ ಮಕ್ಕಳಂತೆ ಸಾಕುತ್ತಿರುವ ಸಭಿಕರೇ,

ನಿಮ್ಮ ಸಾಕುಪ್ರಾಣಿ ಪ್ರಿಯರ ಸಂಘದ ವಾರ್ಷಿಕೋತ್ಸವಕ್ಕೆ ಕರೆದು ನನ್ನನ್ನು ಸನ್ಮಾನಿಸಿದ್ದೀರಿ. ವಿಮಾನದಲ್ಲಿ ಬೆಕ್ಕು ಒಯ್ಯುವ ಚೀಲ ಹೊಲಿಯುವ ದರ್ಜಿಗೆ ಇಷ್ಟು ದೊಡ್ಡ ಹೂಗುಚ್ಛ ಕೊಟ್ಟಿದ್ದೀರಿ. ಸಂತೋಷ. ಆದರೆ ಸನ್ಮಾನದ ಫೋಟೋಗೂ ಈಕೆ ಮಾಸ್ಕ್ ತೆಗೆಯಲಿಲ್ಲವಲ್ಲ, ಏನು ಗತ್ತು ಎಂದು ಹಿಂದಿನ ಸಾಲಿನಲ್ಲಿ ಗುಸುಗುಸು ನಡೆದಿದೆ. ಗತ್ತಲ್ಲ ಕಣ್ರಮ್ಮ. ನನಗೆ ಬೆಕ್ಕಿನ ಅಲರ್ಜಿ.

ನಗಿ, ನಗಿ. ಸಿಹಿ ತಿನ್ನಲಾಗದ ಮಿಠಾಯಿ ಅಂಗಡಿಯವರು ಇರುವುದಿಲ್ಲವೇ? ಹಾಗೆಯೇ ಇದೂ. ನನಗೆ ಬೆಕ್ಕು ಎಂದರೆ ಪ್ರಾಣ. ಬೆಕ್ಕಿಗೂ ನಾನೆಂದರೆ ಇಷ್ಟ. ಒಪ್ಪದಿರುವುದು ನನ್ನ ಎದೆಗೂಡು ಒಂದೇ.

ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲೊಂದು ಬೂದು ಬೆಕ್ಕಿತ್ತು. ನನ್ನ ತಮ್ಮನದು. ಅವನ ತಟ್ಟೆ ಬೇರೆ, ಅದರ ತಟ್ಟೆ ಬೇರೆ ಎಂಬುದೇ ಇರಲಿಲ್ಲ. ನನಗೋ ಉಸಿರು ಸಿಕ್ಕಿಕೊಂಡು ಗೊರ ಗೊರ. ಡಾಕ್ಟರು ಅಪ್ಪನಿಗೆ, "ಬೆಕ್ಕು ಇರ್ಬೇಕು, ಇಲ್ಲಾ ಹುಡುಗಿ ಇರ್ಬೇಕು. ಯೋಚ್ನೆ ಮಾಡಿ" ಎಂದರು. ಅಪ್ಪ ಯೋಚಿಸುವ ಮೊದಲೇ ತಮ್ಮ ಎದ್ದು ನಿಂತ. "ಅಕ್ಕಾ, ಒಂದು ಚೀಲ ಹೊಲ್ಕೊಡು" ಎಂದ. ನನ್ನ ಹಳೆಯ ಫ್ರಾಕು ಕತ್ತರಿಸಿ ಹೊಲಿದೆ. ತಿರುಗಿಸಿ ತಿರುಗಿಸಿ ನೋಡಿದ. "ಒಳಗೆ ಕತ್ತಲು ಕಣೇ. ಒಂದು ಕಿಟಕಿ ಇಡು." ಹಳೆಯ ಸೊಳ್ಳೆಪರದೆಯ ತುಂಡಿನಿಂದ ಕಿಟಕಿ ಇಟ್ಟೆ. ಬೆಕ್ಕನ್ನು ಅದರಲ್ಲಿ ಹೊತ್ತು ಪಕ್ಕದ ಬೀದಿಯ ಅತ್ತೆಯ ಮನೆಗೆ ಬಿಟ್ಟು ಬಂದ. ಅಳಲಿಲ್ಲ. ಅಳುವವನಲ್ಲ ಅವನು. ಖಾಲಿ ಚೀಲವನ್ನು ಮಾತ್ರ ತಲೆದಿಂಬಿನ ಕೆಳಗೆ ಇಟ್ಟುಕೊಂಡ. ಅಮ್ಮ ಅದನ್ನೂ ಒಗೆಯಬೇಕಾಯಿತು, ನನ್ನ ಉಸಿರಿಗಾಗಿ.

ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಇರಲಿ.

ಇವತ್ತು ನೀವು ಹೊಗಳುವ ಜಾಲರಿ ಕಿಟಕಿ ಆ ತಮ್ಮನದೇ ಉಪಾಯ. ಅವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲ ಕಣ್ಣಿನ ಆಪರೇಷನ್ ಆದಾಗ, "ಪಟ್ಟಿ ಬಿಚ್ಚೋವಾಗ ಎದುರಿಗೆ ಅಕ್ಕ ಇರ್ಲಿ" ಎಂದಿದ್ದ. ನಾನು ವಿಮಾನ ಹತ್ತಿದೆ. ಸೀಟಿನಲ್ಲಿ ಕೂತು ಬೆಲ್ಟ್ ಬಿಗಿದುಕೊಂಡೆ. ಮೂಗಿನಿಂದ ಶುರುವಾಯಿತು, ಕಣ್ಣಿಗೆ ಹೋಯಿತು, ಎದೆಗೆ ಇಳಿಯಿತು. ನೋಡಿದರೆ ಪಕ್ಕದ ಸೀಟಿನ ಕೆಳಗೆ ಬೆಕ್ಕಿನ ಚೀಲ. ಯಾರ ಹೊಲಿಗೆ? ನನ್ನದೇ! ಜಿಪ್ಪು ಅರ್ಧ ತೆರೆದಿತ್ತು. "ಪಾಪ, ಸ್ವಲ್ಪ ಗಾಳಿಯಾಡ್ಲಿ" ಎಂದು ಅದರ ಯಜಮಾನಿ ತೆರೆದಿದ್ದರು.

ಉಸಿರಿನ ಪಂಪು ಎಳೆದುಕೊಂಡೆ, ಗಗನಸಖಿಯನ್ನು ಕರೆದು ಬೇರೆ ಸೀಟು ಕೇಳಿದೆ. "ಫುಲ್ ಇದೆ ಮೇಡಂ." ಯಾರಾದರೂ ಅದಲುಬದಲು ಮಾಡಿಕೊಳ್ಳುತ್ತಾರಾ ಎಂದು ಸುತ್ತ ನೋಡಿದೆ. ಎಲ್ಲರಿಗೂ ಆ ಕ್ಷಣದಲ್ಲಿ ಫೋನಿನಲ್ಲಿ ಬಹಳ ಕೆಲಸವಿತ್ತು. ಕೊನೆಗೆ ಆಕೆ, "ಮೇಲೆ ಹೋದ್ಮೇಲೆ ಏನಾದ್ರೂ ಆದ್ರೆ ಕಷ್ಟ, ನೀವು ಇಳ್ದುಬಿಡಿ" ಎಂದರು. ಬೆಕ್ಕು ಹಾರಿತು. ನಾನು ಉಳಿದೆ. ತಮ್ಮನ ಪಟ್ಟಿ ಬಿಚ್ಚಿದಾಗ ಎದುರಿಗೆ ಇದ್ದದ್ದು ನರ್ಸಮ್ಮ. "ಅಕ್ಕಾ, ಯಾಕೆ ಇಷ್ಟು ಎತ್ತರ ಆಗಿದ್ದೀಯಾ ಅಂತ ಕೇಳ್ಬಿಟ್ಟೆ" ಎಂದು ಫೋನಿನಲ್ಲಿ ನಗುತ್ತಿದ್ದ. ನಾನೂ ನಕ್ಕೆ. ನಗದೆ ಏನು ಮಾಡಲಿ?

ಆಮೇಲೊಂದು ದಿನ ನನ್ನ ಅಂಗಡಿಗೆ ಒಬ್ಬ ಗಿರಾಕಿ ಬಂದರು. ಚೀಲಕ್ಕೆ ಜಿಪ್ಪು ಬದಲಿಸಬೇಕಿತ್ತು. ಮಾತಿಗೆ ಮಾತು ಬೆಳೆದು, "ಹೋದ ಸಲ ಯಾರೋ ಒಬ್ಬ ಹೆಂಗಸು ಕೆಮ್ಮಿ ಕೆಮ್ಮಿ ರಂಪ ಮಾಡಿ ವಿಮಾನಾನೇ ತಡ ಮಾಡಿದ್ಳು ಕಣ್ರೀ, ನಮ್ಮ ಬೆಕ್ಕು ಎಷ್ಟು ಹೆದರ್ಕೊಂಡಿತ್ತು ಗೊತ್ತಾ?" ಎಂದರು. ಅಂಗಡಿಯಲ್ಲಿ ನಾನು ಮಾಸ್ಕಿನಲ್ಲಿರುತ್ತೇನಲ್ಲ, ಗುರುತು ಸಿಗಲಿಲ್ಲ. "ಹೌದಾ ತಾಯಿ" ಎಂದೆ. ಹೋಗುವಾಗ, "ಮುಂದಿನ ಭಾನುವಾರ ಬೆಳಗಿನ ವಿಮಾನ, ಅಷ್ಟರೊಳಗೆ ಕೊಡಿ" ಎಂದರು.

ಆ ಹೆಂಗಸು ನಾನೇ. ಚೀಲ ತಂದವರು ನಮ್ಮ ಅಧ್ಯಕ್ಷರ ಮನೆಯವರು. ತಮ್ಮನ ಎರಡನೆಯ ಕಣ್ಣಿಗೆ ಸೋಮವಾರ ಆಪರೇಷನ್. ಅದೇ ಭಾನುವಾರ, ಅದೇ ವಿಮಾನದಲ್ಲಿ ನನ್ನ ಟಿಕೆಟ್ಟೂ ಇದೆ.

ಅಧ್ಯಕ್ಷರೇ, ಬೆವರು ಒರೆಸಿಕೊಳ್ಳಬೇಡಿ. ಅಮ್ಮಾ, ನೀವೂ ತಲೆ ಎತ್ತಿ. ನಿಮ್ಮ ಮರ್ಯಾದೆ ತೆಗೆಯಲು ನಾನು ಮೈಕ್ ಹಿಡಿದಿಲ್ಲ. ಬೆಕ್ಕನ್ನು ಮನೆಯಲ್ಲಿ ಬಿಟ್ಟು ಬನ್ನಿ ಎಂದೂ ಕೇಳುವುದಿಲ್ಲ. ಒಂದು ಬೆಕ್ಕು ನನ್ನಿಂದಾಗಿ ಮನೆ ಬಿಟ್ಟದ್ದು ಸಾಕು. ಬೆಕ್ಕೂ ಬರಲಿ, ನಾನೂ ಬರುತ್ತೇನೆ. ಈ ಸಲ ನಾನು ಇಳಿಯುವುದಿಲ್ಲ.

ನನ್ನ ಪಾಲಿನದು ನಾನು ಮಾಡಿದ್ದೇನೆ. ವಿಮಾನದವರಿಗೆ ಮೊದಲೇ ತಿಳಿಸಿ ಕೊನೆಯ ಸಾಲು ಹಿಡಿದಿದ್ದೇನೆ. ಡಾಕ್ಟರನ್ನು ಕಂಡು ಬಂದಿದ್ದೇನೆ. ಪಂಪು, ಮಾತ್ರೆ ಕೈಚೀಲದಲ್ಲಿವೆ, ಮಾಸ್ಕ್ ಹೇಗೂ ಮುಖದಲ್ಲಿದೆ. ನಿಮ್ಮ ಪಾಲು ನೀವು ಮಾಡಿ. ಬೆಕ್ಕು ಜೊತೆಗಿದೆ ಎಂದು ವಿಮಾನದವರಿಗೆ ಈಗಲೇ ಹೇಳಿ, ಮುಂದಿನ ಸಾಲು ಕೇಳಿ. ಹೊರಡುವಾಗ ನಿಮ್ಮ ಸಂಘದವರೆಲ್ಲ ವಿಮಾನ ನಿಲ್ದಾಣದಲ್ಲಿ ಬೆಕ್ಕನ್ನು ಕೈಯಿಂದ ಕೈಗೆ ದಾಟಿಸಿ ಮುದ್ದಿಸಿ ಬೀಳ್ಕೊಡುತ್ತೀರಲ್ಲ, ಆ ಪದ್ಧತಿ ಮನೆಯ ಬಾಗಿಲಲ್ಲೇ ಮುಗಿಯಲಿ, ಆಮೇಲೆ ಬಟ್ಟೆ ಬದಲಿಸಿ. ನನ್ನನ್ನು ಕಾಡುವುದು ಬರೀ ಕೂದಲಲ್ಲ. ಅದರ ಜೊಲ್ಲು, ಚರ್ಮದಿಂದ ಉದುರುವ, ಕಣ್ಣಿಗೆ ಕಾಣದ ಹೊಟ್ಟು. ಬೆಕ್ಕು ಮನೆಯಲ್ಲಿದ್ದರೂ ನಿಮ್ಮ ಸ್ವೆಟರು ಅದನ್ನು ಹೊತ್ತು ತರುತ್ತದೆ. ಬೆಕ್ಕಿಲ್ಲದ ಸಭಿಕರೇ, ನೀವು ತಪ್ಪಿಸಿಕೊಂಡಿರಿ ಎಂದುಕೊಳ್ಳಬೇಡಿ. ಯಾರಾದರೂ ಸೀಟು ಬದಲಿಸಿ ಎಂದು ಕೇಳಿದಾಗ ಫೋನಿನಿಂದ ತಲೆ ಎತ್ತಿ. ಅಷ್ಟೇ ನಿಮ್ಮ ಪಾಲು.

ಇಗೋ, ನಿಮ್ಮ ಚೀಲ. ಹೊಸ ಜಿಪ್ಪು ಹಾಕಿದ್ದೇನೆ, ತೆಗೆದು ಒಗೆಯುವ ಹಾಸು ಕೊಟ್ಟಿದ್ದೇನೆ. ಇದು ಮಂತ್ರವಲ್ಲ, ಎಲ್ಲವನ್ನೂ ತಡೆಯುವುದಿಲ್ಲ. ಕಿಟಕಿ ಹಾಗೆಯೇ ಇದೆ. ಬೆಕ್ಕಿಗೂ ಉಸಿರು ಬೇಕಲ್ಲ. ಆದ್ದರಿಂದ ಜಿಪ್ಪು ತೆರೆಯುವ ಅಗತ್ಯವಿಲ್ಲ ತಾಯಿ.

ಅಧ್ಯಕ್ಷರು ತಲೆಯಾಡಿಸುತ್ತಿದ್ದಾರೆ. ಅದು ಸಾಲದು, ಸ್ವಾಮಿ. ಫೋನು ತೆಗೆಯಿರಿ. ವಿಮಾನದವರಿಗೆ ಈಗಲೇ, ಇಲ್ಲೇ ಹೇಳಿ. ನಾನು ಕಾಯುತ್ತೇನೆ. ನೋಡಿ, ಮುಖ್ಯ ಅತಿಥಿಗಳೂ ಗಡಿಯಾರ ನೋಡುವುದು ಬಿಟ್ಟಿದ್ದಾರೆ.

ಸಿಕ್ಕಿತೇ? ಎರಡನೆಯ ಸಾಲೇ? ಅಷ್ಟು ದೂರ ಸಾಕು.

ಮಂಗಳವಾರ ಪಟ್ಟಿ ಬಿಚ್ಚಿದಾಗ ತಮ್ಮ ಕೇಳಿಯೇ ಕೇಳುತ್ತಾನೆ, "ಈ ಸಲಾನೂ ಬೆಕ್ಕು ಇತ್ತೇನೇ ಅಕ್ಕಾ?" ಎಂದು. "ಇತ್ತು ಕಣೋ. ನಿನ್ನ ಕಿಟಕಿಯಿಂದ ನೋಡ್ತಾ ಬಂತು" ಎನ್ನುತ್ತೇನೆ.

ಕೇಳಿಸಿಕೊಂಡಿರಿ, ದೊಡ್ಡ ಉಪಕಾರವಾಯಿತು. ಎಲ್ಲರಿಗೂ, ನಿಮ್ಮ ಮನೆಗಳಲ್ಲಿ ಕಾದಿರುವ ಮೂಕಜೀವಗಳಿಗೂ ನಮಸ್ಕಾರ.