ಕಾಶವ್ವನ ಕಡ್ಡಿ, ನನ್ನ ಗಡಿಗಿ

ಆತು, ಸಾಕ ಮಾಡ್ರಿ ಇನ್ನ ಆಕಿ ಗುಣಗಾನ. ಬೈಲಹೊಂಗಲ ಬಸ್ ಇಳದು ಬಂದಾಗಿಂದ ಅದನ್ನ ಕೇಳಾಕತ್ತೇನಿ. ಸಣ್ಣಾಯಿ ಹಂಗ, ಸಣ್ಣಾಯಿ ಹಿಂಗ, ಸಣ್ಣಾಯಿ ಮನ್ಯಾಗ ಕುಂತು ಬೆಂಕಿಕಡ್ಡಿ ಮಾಡತಿದ್ಲಂತ, ಗ್ವಾಡಿಗೆ ಗೀರಿದ್ರೂ ಹತ್ತತಿತ್ತಂತ, ಬೀಸೂಕಲ್ಲಿಗೆ ಗೀರಿದ್ರೂ ಹತ್ತತಿತ್ತಂತ. ಹತ್ತತಿತ್ತು, ನಾ ಏನ ಇಲ್ಲ ಅಂದ್ನೇನು? ನನ್ನ ಕಣ್ಣ ಮುಂದನ ಹತ್ತೇತಿ. ಆದ್ರ ಹತ್ತಿದ್ದಷ್ಟ ಹೇಳ್ಯಾಳ ನಿಮಗ. ಹತ್ತಬಾರದ ಜಾಗಾದಾಗ ಹತ್ತಿದ್ದು ಹೇಳ್ಯಾಳೇನು? ಇಲ್ಲಲ್ಲಾ? ಹೇಳೂದಿಲ್ಲ ಆಕಿ. ಕುಂದರ್ರಿ ಇಲ್ಲೆ ಕಟ್ಟಿ ಮ್ಯಾಲ, ನಾ ಹೇಳತೇನಿ. ಆ ಫೋನ್ ಒಳಗ ಇಟ್ಟ ಬಾರವ್ವಾ ನೀ. ಆಕಿ ನನಗ ನೆಗೆಣ್ಣಿ, ನಿಮ್ಮ ಅಜ್ಜನ ತಮ್ಮನ ಹೇಂತಿ, ನನ್ನ ಹಿಂದ ಈ ಸಂಪಗಾಂವ ಮನಿಗೆ ಸೊಸಿ ಆಗಿ ಬಂದಾಕಿ. ಹೊಟ್ಟಿಕಿಚ್ಚು ಅಂತೀರಿ? ಅನ್ರಿ. ಐತಿ. ಇಷ್ಟ ವಯಸ್ಸಾದ್ರೂ ಐತಿ, ಎಲ್ಲಿ ಹೋಗತೇತಿ ಅದು.

ನಾ ಬಂದ ಹೊಸದಾಗ, ನಿಮ್ಮಪ್ಪ ಇನ್ನೂ ತೊಟ್ಟಲದಾಗ ಇದ್ದ, ಅಲ್ಲಲ್ಲ, ನಿಮ್ಮಪ್ಪ ಹುಟ್ಟೇ ಇದ್ದಿಲ್ಲ, ನಿಮ್ಮ ಸೋದರತ್ತಿ ತೊಟ್ಟಲದಾಗ ಇದ್ಲು. ರೇಶನ್ನಿನ ಕೆಂಪ ಜ್ವಾಳಾ ತಿಂದ ಕಾಲ ಅದು. ರೊಟ್ಟಿ ಬಡದ್ರ ಸೀಳತಿದ್ವು, ಅದಕ್ಕ ಅಂಬಲಿನ ಕಾಸತಿದ್ವಿ. ಚಿಮಣಿ ಎಣ್ಣಿಗೆ ಪಾಳಿ ಹಚ್ಚಬೇಕು, ಸಕ್ಕರಿ ಅಂತೂ ಹೆಸರ ತಗೀಬ್ಯಾಡ್ರಿ. ಕಡ್ಡಿಪೆಟಗಿ ಅಂಗಡ್ಯಾಂವ ಇದ್ರ ಕೊಡತಿದ್ದ, ಅದೂ ಗುರ್ತಿನವರಿಗೆ. ಮಳಿಗಾಲದಾಗ ಹಳ್ಳ ಬಂದು ದಾರಿ ಕಟ್ಟಾತಂದ್ರ ಅದೂ ಇಲ್ಲ. ಹಿಂಗಾಗಿ ಒಲ್ಯಾಗಿನ ಬೆಂಕಿ ಆರದಂಗ ಕಾಯೂದ ಮನ್ಯಾಗ ಒಂದ ದೊಡ್ಡ ಕೆಲಸ. ಆ ಕೆಲಸ ನಂದು. ಊಟಾದ ಮ್ಯಾಲ ಕೆಂಡಾ ಒಂದ ಕಡೆ ಸರಿಸಿ, ನಡುವ ಒಂದ ಗಟ್ಟಿ ಕುಳ್ಳ ಇಟ್ಟು, ಮ್ಯಾಲ ಬೂದಿ ಮುಚ್ಚಬೇಕು. ಬೂದಿ ಹೆಚ್ಚಾದ್ರ ಉಸರ ಕಟ್ಟಿ ಆರತೇತಿ, ಕಡಿಮ್ಯಾದ್ರ ಬೆಳಗ ಆಗೂದ್ರಾಗ ಉರದ ಮುಗದಿರತೇತಿ. ನನ್ನ ಕೈ ಹದಾ ಹಂಗಿತ್ತು ನೋಡ್ರಿ, ಒಂದ ದಿನಾನೂ ನನ್ನ ಒಲಿ ತಣ್ಣಗಾಗಲಿಲ್ಲ. ಬೆಳಗ ಹರಿಯೂದ ತಡಾ, ಓಣಿ ಹೆಂಗಸರು ಹಂಚಿನ ಚೂರ ಹಿಡಕೊಂಡು ಬಾಗಲಕ್ಕ ಬಂದು ನಿಲ್ಲತಿದ್ರು. ‘ನೀಲವ್ವಾ, ಒಂದ ಕೆಂಡಾ ಕೊಡ ನಮ್ಮವ್ವಾ, ನಂದು ಆರೇತಿ.’ ಕೆಂಡಾ ಒಯ್ಯಾಕ ಬಂದಾಕಿ ಸುಮ್ಮನ ಹೋಗತಾಳೇನು? ಯಾರ ಮನ್ಯಾಗ ಏನಾತು, ಯಾರ ಸೊಸಿ ತವರಮನಿಗೆ ಸಿಟ್ಟ ಮಾಡಿ ಹೋದ್ಲು, ಎಲ್ಲಾ ಹೇಳೇ ಹೋಗೂದು. ಊರ ಸುದ್ದಿ ಮೊದಲ ನನಗ, ಆಮ್ಯಾಲ ಊರಿಗೆ. ನಮ್ಮತ್ತಿ ಬಂದವರ ಮುಂದ ‘ನಮ್ಮ ನೀಲಾ ಇರೂತನಕ ಈ ಮನಿ ಬೆಂಕಿ ಆರೂದಿಲ್ರೀ’ ಅಂತಿದ್ರು. ಆ ಮಾತ ಕೇಳಿ ನನಗ ಹೊಟ್ಟಿ ತುಂಬತಿತ್ತು. ಅದೊಂದ ಇತ್ತ್ರೆಪಾ ನನಗ ಆ ಮನ್ಯಾಗ. ಬಂಗಾರ ತಂದಾಕಿ ಅಲ್ಲ, ಚೆಲುವಿ ಅಲ್ಲ, ಹಾಡಾಕ ಬರೂದಿಲ್ಲ. ಬೆಂಕಿ ಒಂದ ನಂದು.

ಆಗ ಬಂದ್ಲ ನೋಡ್ರಿ ಕಾಶವ್ವ, ನಿಮ್ಮ ಸಣ್ಣಾಯಿ. ಸುರೇಬಾನದಾಕಿ. ಅವರಪ್ಪ ಮದವಿ ಮೆರವಣಿಗ್ಯಾಗ ಹಾರಿಸೂ ಮದ್ದು ಮಾಡಾಂವ, ಬಾಣಾ, ಬಿರಸು, ಹಂತಾವು. ಬಂದ ಮೊದಲನೇ ಮಳಿಗಾಲದಾಗ ಹಳ್ಳ ಬಂದು ಅಂಗಡ್ಯಾಗ ಕಡ್ಡಿಪೆಟಗಿ ಖಾಲಿ ಆತು. ಈಕಿ ತವರಿಂದ ತಂದ ಗಂಟ ಬಿಚ್ಚಿದ್ಲು. ಪುಂಡಿ ಕಟಗಿ ಸೀಳಿ ಸಣ್ಣ ಸಣ್ಣ ಕಡ್ಡಿ ಮಾಡಿ, ತುದಿಗೆ ಅದೇನೋ ಮದ್ದ, ಜಾಲಿ ಅಂಟಿನ್ಯಾಗ ಕಲಿಸಿದ್ದು, ಅದನ್ನ ಹಚ್ಚಿ, ಉಸುಕಿನ ತಾಟಿನ್ಯಾಗ ಒಂದೊಂದ ನಿಲ್ಲಿಸಿ ನೆರಳಾಗ ಒಣಗಿಸಿದ್ಲು. ‘ಏನ ಹಾಕ್ತೀಯವಾ ಅದರಾಗ?’ ಅಂದೆ. ‘ತವರಮನಿ ಗುಟ್ಟ ಯಕ್ಕಾ, ಅಪ್ಪ ಆಣಿ ಹಾಕ್ಯಾನ’ ಅಂತ ನಕ್ಕಳು. ನಗು ಬ್ಯಾರೆ! ಹಲ್ಲ ಛಂದ ಅದಾವಂತ ಗೊತ್ತಿತ್ತಾಕಿಗೆ. ಒಣಗಿದ ಮ್ಯಾಲ ಮನಿ ಮಂದಿನೆಲ್ಲಾ ಕರದು, ಬೀಸೂಕಲ್ಲಿಗೆ ಒಂದ ಗೀರಿದ್ಲು. ಭರ್ರ್ ಅಂತು! ಮಾವಾರು ‘ಅಲೆ ಇದರ!’ ಅಂದ್ರು. ನಮ್ಮತ್ತಿ ಕೈ ಚಪ್ಪಾಳಿ ಬಡದ್ರು, ಹೌದ್ರೆವಾ, ಸಣ್ಣ ಹುಡುಗೀಗತೆ. ನಿಮ್ಮ ಅಜ್ಜ, ಒಂದ ದಿನಾ ನನ್ನ ಅಡಗಿ ಛಲೋ ಆಗೇತಿ ಅಂದವರಲ್ಲ, ‘ನಮ್ಮ ಕಾಶಿ ಕೈಯಾಗ ಏನೋ ಐತಿ’ ಅಂದ್ರು. ಬೀಡಿ ಹಚ್ಚಾಕ ಮೊದಲ ನನ್ನ ಒಲಿ ಮುಂದ ಬಂದು ಬಗ್ಗತಿದ್ರು. ಮರದಿನದಿಂದ ಬಗ್ಗೂದ ಬಿಟ್ರು, ಕಿವಿ ಮ್ಯಾಲ ಆಕಿ ಕಡ್ಡಿ ಸಿಗಿಸಿಕೊಂಡು ಅಡ್ಡಾಡಾಕತ್ತಿದ್ರು.

ಇನ್ನ ಓಣಿಯವರ ಬಿಡತಾರೇನು? ಕೆಂಡಾ ಒಯ್ಯಾಕ ಬರೂದ ಬಿಟ್ರು. ಬಂದ್ರೂ ಒಲಿ ಕಡೆ ಬರೂದಿಲ್ಲ, ಆಕಿ ಖೋಲಿ ಕಡೆ. ‘ಕಾಶವ್ವಾ, ಒಂದ ಕಡ್ಡಿ ಕೊಡ.’ ಸುದ್ದಿನೂ ಆಕಿ ಹಂತ್ಯಾಕನ ಹೋದ್ವು! ಬಾಜೂಮನಿ ಬಸಲಿಂಗವ್ವನ ಮಗಳಿಗೆ ಗಂಡ ಗೊತ್ತಾಗಿದ್ದ ನನಗ ಅಕ್ಕಿಕಾಳ ಹಾಕೂ ದಿನಾ ತಿಳೀತು. ನಾ ರಾತ್ರಿ ಬೂದಿ ಮುಚ್ಚತಿದ್ನಿ, ಮುಂಜಾನೆ ತಗದ್ರ ಕೆಂಡಾ ಹಂಗ ಕೆಂಪಗ ಇರತಿತ್ತು, ಆದ್ರ ಕೇಳವರ ಇಲ್ಲ. ಒಬ್ಬಾಕೀನ ಕುಂತು ಅದನ್ನ ನೋಡತಿದ್ನಿ. ಹೊಟ್ಟಿ ಉರದದ್ದ ಸುಳ್ಳ ಯಾಕ ಹೇಳಲಿ. ನೀರ ಸೇದೂವಾಗ, ಹಿಟ್ಟ ನಾದೂವಾಗ, ಅದ ಧ್ಯಾನ. ನನಗ ಬೇಕಾಗಿದ್ದ ಒಂದ, ಮನಿ ಬೆಂಕಿ ತಿರಗಿ ನನ್ನ ಕೈಗೆ ಬರಬೇಕು.

ಹಂಗ ಅಮಾಸಿ ಬಂತು. ಅಮಾಸಿ ದಿನಾ ಮನಿ ಬೆಂಕಿ ಹೊರಗ ಕೊಡತಿದ್ದಿಲ್ಲ ನಾವು, ನಿಮಗ ಗೊತ್ತಿಲ್ಲ, ಈಗ ಗ್ಯಾಸ್ ಬಂದಾವು. ಬೆಂಕಿ ಕೊಟ್ರ ಅದರ ಬೆನ್ನ ಹತ್ತಿ ಲಕ್ಷ್ಮಿ ಹೊಂಟ ಹೋಗತಾಳ ಅಂತ. ಎಷ್ಟ ಬೇಕಾದವರ ಬಂದ್ರೂ ‘ನಾಳಿಗೆ ಬಾರವ್ವಾ’ ಅಂದ ಕಳಿಸೂದು. ನಾ ಮನಸಿನ್ಯಾಗ, ಛಲೋ ಆತು, ಇವತ್ತರೆ ಆಕಿ ಬಾಗಲಾ ಮುಚ್ಚಿತು ಅಂದ್ಕೊಂಡೆ. ಬಸಲಿಂಗವ್ವ ಬಂದ್ಲು. ‘ಒಲಿ ಆರೇತಿ, ಕೂಸಿಗೆ ಹಾಲ ಕಾಸಬೇಕು, ಕೆಂಡಾ ಕೇಳೂದಿಲ್ರೀ, ಒಂದ ಕಡ್ಡಿ ಕೊಡ್ರಿ.’ ಕಾಶವ್ವ ಅತ್ತಿ ಮಾರಿ ನೋಡಿದ್ಲು. ನಾ ನಡಕ ಬಾಯಿ ಹಾಕಿದ್ನಿ, ‘ಅತ್ತೀ, ಇವತ್ತ ಅಮಾಸಿರಿ. ಬೆಂಕಿ ಹೊರಗ ಕೊಡಬಾರದ್ರಿ.’ ನಮ್ಮತ್ತಿ ಎಲಿಗೆ ಸುಣ್ಣಾ ಹಚ್ಚಿಕೋತ, ದೊಡ್ಡ ನ್ಯಾಯಾ ಹೇಳವರಗತೆ ಅಂದ್ರು, ‘ಅದು ಬೆಂಕಿ ಹೆಂಗ ಆಗತೇತಿ ನೀಲಾ? ಹಚ್ಚಿದ ಮ್ಯಾಲ ಬೆಂಕಿ. ಈಗ ಅದು ಕಟಗಿ. ಕಟಗಿ ಕೊಡಬಾರದಂತ ಯಾರ ಹೇಳ್ಯಾರ?’ ಆತಲ್ಲ! ಊರ ತುಂಬ ಸುದ್ದಿ ಹೋತು, ಅವರ ಮನ್ಯಾಗ ಅಮಾಸಿ ದಿನಾನೂ ಕೊಡತಾರಂತ. ಮಂದೀನ ಮಂದಿ. ನಮ್ಮತ್ತಿಗೆ ಅದರ ಖುಷಿ ಏನ ಕೇಳತೀರಿ! ಕಾಶವ್ವನ ಕಡೆಯಿಂದ ಒಂದ ಮುಟಗಿ ಕಡ್ಡಿ ಇಸಗೊಂಡು ತಮ್ಮ ಸಂಚಿಯೊಳಗ ತುರಿಕಿಕೊಂಡು, ಕಟ್ಟಿ ಮ್ಯಾಲ ಕುಂತು ತಾವ ಹಂಚಾಕತ್ತಿದ್ರು, ‘ನಮ್ಮ ಸಣ್ಣ ಸೊಸಿ ಮಾಡಿದ್ದು, ನಮ್ಮ ಸಣ್ಣ ಸೊಸಿ ಮಾಡಿದ್ದು’ ಅಂತ. ಸಂಚಿ ನೋಡೀರಿಲ್ಲೋ ನೀವು? ಸೊಂಟಕ್ಕ ಸಿಗಿಸಿಕೊಳ್ಳೂ ಅರಿವಿ ಚೀಲ, ಅದರಾಗ ಎಲಿ, ಅಡಕಿ, ತಂಬಾಕ, ಸುಣ್ಣದ ಡಬ್ಬಿ, ಮತ್ತ ಅಡಕಿ ಕತ್ತರಸೂ ಕಬ್ಬಣದ ಅಡಕೊತ್ತು. ಎಲ್ಲಿ ಗೀರಿದ್ರೂ ಹತ್ತೂ ಕಡ್ಡೀನ ಅಡಕೊತ್ತಿನ ಮಗ್ಗಲದಾಗ ಇಟ್ಕೊಂಡಿದ್ರು, ತಿಳೀತಿಲ್ಲೋ?

ಮಂದಿ ಹೋದ ಮ್ಯಾಲ ಎಲಿ ಹಾಕ್ಕೊಬೇಕಂತ ಅಡಕೊತ್ತು ಜಗ್ಗಿದ್ರು. ಭರ್ರ್! ಒಂದ ಹತ್ತಿದ್ದಕ್ಕ ಉಳದದ್ದೆಲ್ಲಾ ಹತ್ತಿದ್ವು, ತಂಬಾಕ ಹೊಗೀ ಎದ್ದಿತು, ಸಂಚಿ ಸೀರಿಗೆ ಸಿಗಿಸಿದ್ದು ಕೈಗೆ ಬರವಲ್ದು. ‘ಅಯ್ಯಯ್ಯೋ ಸತ್ನೆಪಾ!’ ಅಂತ ಒದರಾಕತ್ತಿದ್ರು. ಕಾಶವ್ವ? ನಿಂತ ಬಿಟ್ಲು. ಮದ್ದ ಮಾಡವರ ಮಗಳು, ಗ್ವಾಡಿಗೆ ಬೆನ್ನ ಹಚ್ಚಿ ನಿಂತ ಬಿಟ್ಲು, ಮಾರಿ ಬೂದಿ ಬಣ್ಣ ಆಗಿತ್ತು. ನನ್ನ ಕೈಯಾಗ ಅಂಬಲಿ ಗಡಿಗಿ ಇತ್ತು, ಆರಾಕ ಇಡಬೇಕಂತ ಹೊರಗ ತರಾಕತ್ತಿದ್ನಿ, ಅಲ್ಲ, ಆರಿತ್ತದು, ಆರಿದ್ದಕ್ಕನ ಅತ್ತಿ ಉಳಕೊಂಡ್ರು, ಬಿಸಿ ಇದ್ದಿದ್ರ ಅದರಿಂದನ ಸುಡತಿದ್ರು. ಹಿಂದ ಮುಂದ ನೋಡಲಿಲ್ಲ, ಗಡಿಗಿಗೆ ಗಡಿಗಿನ ಅವರ ಸೊಂಟದ ಮ್ಯಾಲ ಸುರವಿದೆ. ಸುರವಿಕೋತ ಬಾಯಿಗೆ ಬಂತು, ‘ಅತ್ತೀ, ಕಟಗಿ ಹೊಗಿ ಬಿಡಾಕತ್ತೇತ್ರೀ!’ ಅಂದೆ. ಇರಲಿ, ನಗಬ್ಯಾಡ್ರಿ. ಅನ್ನೂ ಹೊತ್ತಲ್ಲ ಅದು, ಖರೆ, ಆದ್ರ ಮುಂಜಾನಿಂದ ನುಂಗಿಕೊಂಡ ಕುಂತ ಮಾತು, ಬಿದ್ದಬಿಡ್ತು.

ಬೆಂಕಿ ಆರಿತು. ಸೊಂಟದ ಮ್ಯಾಲ ಅಂಗೈಯಷ್ಟ ಕೆಂಪಗ ಆಗಿತ್ತು, ಸೀರಿ ತೂತ ಬಿದ್ದಿತ್ತು, ಜೀವ ಉಳದಿತ್ತು. ಈಗ ನೋಡ್ರಿ ಮಜಾ. ಆರಿಸಿದಾಕಿ ನಾನು. ಹೊಲದಿಂದ ಗಂಡಸರು ಬಂದಾಗ ಕಣ್ಣಿಗೆ ಬಿದ್ದಿದ್ದೇನು? ಖಾಲಿ ಗಡಿಗಿ ಹಿಡಕೊಂಡ ನಿಂತಿದ್ನಿ ನಾನು, ಮನಿ ಮಂದಿ ಹೊಟ್ಟಿಗೆ ಆಗೂ ಅಂಬಲಿ ನೆಲದ ಮ್ಯಾಲ. ಕಾಶವ್ವ ಆಗ ಎಚ್ಚರಾಗಿ, ಅತ್ತಿ ಕಾಲಾಗ ಕುಂತು, ತಣ್ಣೀರ ಹನಸಕೋತ, ಅಳಕೋತ, ಸೆರಗಿಲೆ ಗಾಳಿ ಹಾಕಾಕತ್ತಿದ್ಲು. ಮಾವಾರು ಅಂದ್ರು, ‘ನೋಡ, ಎಷ್ಟ ಜೀವಾ ಐತಿ ಈ ಹುಡುಗೀಗೆ ಅತ್ತಿ ಮ್ಯಾಲ.’ ನಿಮ್ಮ ಅಜ್ಜ ನನ್ನ ಕಡೆ ತಿರಗಿ, ‘ಅಂಬಲಿ ಎಲ್ಲಾ ಚೆಲ್ಲಬೇಕಾಗಿತ್ತೇನು? ನೀರ ಇದ್ದಿದ್ದಿಲ್ಲೇನು?’ ಅಂದ್ರು. ಏನ ಹೇಳಬೇಕ ಹಂತಾ ಮನಶಾಗ. ಅವತ್ತ ಎಲ್ಲಾರೂ ಶೇಂಗಾ ತಿಂದು ನೀರ ಕುಡದು ಮಲಗಿದ್ವಿ.

ಮರದಿನಾ ಅತ್ತಿ ಇಬ್ಬರನೂ ಕರದ್ರು. ಆಕಿ ಕಡ್ಡಿ ಇವತ್ತ ತಿಪ್ಪಿಗೆ ಹೋಗತಾವು, ನನ್ನ ಕೆಂಡಾ ತಿರಗಿ ಬರತೇತಿ ಅಂತ ನಾ ಹೊಸ ಕುಪ್ಪಸ ಹಾಕ್ಕೊಂಡ ಹೋಗಿ ನಿಂತೆ. ಅತ್ತಿ ಮಗ್ಗಲಾಗಿ ಮಲಕೊಂಡ ಅಂದ್ರು, ‘ಕಡ್ಡಿ ಬೇಕ ಯವ್ವಾ ಮನಿಗೆ. ಮಾಡಾಕಿ ಕಾಶಿ. ಆದ್ರ ಇನ್ನ ಮ್ಯಾಲ ಇಡಾಕಿ ನೀಲಾ. ಬೂದ್ಯಾಗ ಬೆಂಕಿ ಕಾದ ಕೈ ಅದು, ಆಕಿ ಕೇಳಿದವರಿಗೆ ತಗದ ಕೊಡಲಿ.’ ಹೆಂಗ ಐತಿ ನೋಡ್ರಿ! ನನ್ನ ಕೈಗೆ ಬಂತು, ಬಂದದ್ದೇನು, ಆಕಿ ಕಡ್ಡಿ! ಆಕಿ ಮಾಡಿದ್ದನ್ನ ನಾ ಜ್ವಾಕಿ ಮಾಡಬೇಕು! ಒಲ್ಲೆ ಅನ್ನಬೇಕಂದ್ನಿ. ಒಲ್ಲೆ ಅಂದ್ರ ಮತ್ತ ಆಕಿ ಕೈಗೇ ಹೋಗತೇತಿ. ‘ಆತ್ರಿ ಅತ್ತಿ’ ಅಂದೆ.

ಇಡೂದ ಅಂದ್ರ ಆಟಾ ಅಲ್ಲ ತಮ್ಮಾ. ಮೊದಲ ಒಲಿ ಮ್ಯಾಲಿನ ಮಾಡದಾಗ, ಗ್ವಾಡ್ಯಾಗಿನ ಗೂಡಿನ್ಯಾಗ, ಇಟ್ಟೆ, ಝಳಾ ಬಡದು ಅಂಟ ಮೆತ್ತಗಾತು, ಅಂಜಿ ತಗದ ಬಿಟ್ಟೆ. ನೀರಿನ ಕೊಡದ ಕಡೆ ಇಟ್ಟೆ, ತಂಪ ಹಿಡದು ಹತ್ತವಲ್ವು. ಜ್ವಾಳದ ಚೀಲದ ಹಿಂದ ಇಡೂನಂದ್ರ ಇಲಿ. ಇಲಿ ಅಂಟಿನ ರುಚಿಗೆ ತುದೀನ ಕಡೀತಾವು, ಕಡದ್ರ ಹಲ್ಲಿಗೇ ಹತ್ತತೇತಿ, ಆ ಕಡ್ಡಿಗೆ ಇಲಿ ಹಲ್ಲೂ ಒಂದ, ಕಲ್ಲೂ ಒಂದ. ಕಡೀಕೆ ಬಾಯಿ ಸಣ್ಣದಿರೂ ಮಣ್ಣಿನ ಗಡಿಗಿ ಹುಡುಕಿ, ತಳಕ್ಕ ಸೋಸಿದ ತಣ್ಣನ ಬೂದಿ ಹಾಕಿ, ಕಡ್ಡಿ ತುದಿ ಎಲ್ಲಾ ಒಂದ ದಿಕ್ಕಿಗೆ ಮಾಡಿ ಮಲಗಿಸಿ, ಮ್ಯಾಲ ಬೂದಿ, ಅದರ ಮ್ಯಾಲ ಮತ್ತೊಂದ ಸಾಲು, ಮತ್ತ ಬೂದಿ, ಒಂದಕ್ಕೊಂದ ತಿಕ್ಕಬಾರದು ನೋಡ್ರಿ. ಇಕ್ಕಟ್ಟ ತುಂಬೂದಿಲ್ಲ. ಮ್ಯಾಲ ಮಣ್ಣಿನ ಮುಚ್ಚಳಾ, ಮುಚ್ಚಳದ ಮ್ಯಾಲ ಕಲ್ಲು. ನಡುಮನಿ ದಪ್ಪ ಗ್ವಾಡಿ ಮಾಡದಾಗ, ಒಲಿಗೂ ದೂರ, ಚಿಮಣಿ ಎಣ್ಣಿ ಡಬ್ಬಿಗೂ ದೂರ, ಹುಡುಗೂರ ಕೈಗೆ ನಿಲುಕದಂಗ. ಸಂಚಿಯೊಳಗ, ಕಿವಿ ಮ್ಯಾಲ, ಕಿಸೆದಾಗ ಬಂದ್. ನಿಮ್ಮ ಅಜ್ಜಗೂ ಬಂದ್! ಎಲ್ಲಾರೂ ನನ್ನ ಕಡೆನ ಕೇಳಿ ಇಸಗೋಬೇಕು. ಆ ಗಡಿಗಿ ನನ್ನ ಕೈಯಾಗ ಇರೂತನಕ ಒಂದ ಕಡ್ಡಿ ತಾನಾಗಿ ಹತ್ತಲಿಲ್ಲ, ಒಂದ ತಂಪ ಹಿಡೀಲಿಲ್ಲ. ಅದಕ್ಕ ಯಾರರೆ ಶಾಬಾಸ್ ಅಂದ್ರೇನು? ಕಡ್ಡಿ ಗೀರಿದ್ರು, ಭರ್ರ್ ಅಂತು, ‘ಏನ ಕಾಶವ್ವನ ಕೈಯವಾ!’ ಅಂದ್ರು. ಹತ್ತಿದ್ದು ಕಾಣತೇತಿ ಮಂದಿಗೆ, ಹತ್ತಲಾರದಂಗ ಕಾದದ್ದು ಏನ ಕಾಣತೇತಿ?

ಮುಂದ ಅಣ್ಣಾ ತಮ್ಮಾ ಬ್ಯಾರೆ ಆದ್ರು, ಜಗಳ ಏನಿಲ್ಲ, ಆಕಿ ಗಂಡಗ ಬೈಲಹೊಂಗಲದಾಗ ಕೆಲಸಾತು. ಹಿರೇರ ಮುಂದ ಭಾಂಡೆ ಸಾಮಾನ ಹಂಚಾಕತ್ತಿದ್ರು. ನಿನಗೇನ ಬೇಕ ಕೇಳವ್ವಾ ಅಂದ್ರು ಅತ್ತಿ. ಅಷ್ಟ ಮಂದಿ ನಡುವ ಎದ್ದ ನಿಂತು ಈ ಕಾಶವ್ವ ಅಂತಾಳ, ‘ನನಗ ಹಿತ್ತಾಳಿ ತಾಮ್ರಾ ಒಲ್ಲೆ. ಯಕ್ಕನ ಆ ಕಡ್ಡಿ ಗಡಿಗಿ ಕೊಡ್ರಿ. ನನಗ ಮಾಡಾಕ ಬರತಿತ್ತು, ಇಡಾಕ ಬರತಿದ್ದಿಲ್ಲ. ಅತ್ತಿಗೆ ಹತ್ತಿದ ದಿನಾ ನಾ ಗ್ವಾಡಿ ಹಿಡದ ನಿಂತಿದ್ನಿ, ಯಕ್ಕ ಇರಲಿಲ್ಲಂದ್ರ ನನ್ನ ಕೈಲೆ ಮನಿ ಸುಡತಿತ್ತು. ಆ ಗಡಿಗಿ ಕಣ್ಣಮುಂದ ಇದ್ರ ನನಗ ಧೈರ್ಯ.’ ಅಂದು ನನ್ನ ಕಾಲ ಮುಟ್ಟಿದ್ಲು. ಖರೆ ಹೇಳತೇನಿ, ನನ್ನ ಕಣ್ಣಾಗ ನೀರ ಬಂದ್ವು. ಇಷ್ಟ ವರ್ಷ ಕಾದ ಮಾತ, ಅದೂ ಆಕಿ ಬಾಯಿಂದ. ನಾ ಸೆರಗ ಬಾಯಿಗೆ ಹಚ್ಚಿಕೊಂಡ ನಿಂತಿದ್ನಿ, ಈಗ ಹಿರೇರು ನನಗೊಂದ ಮಾತ ಅಂತಾರ, ಈಗ ಅಂತಾರ ಅಂತ. ಹಿರೇರು ಏನಂದ್ರು ಗೊತ್ತೇನು? ಎಲ್ಲಾರೂ ತಲಿ ಅಲ್ಲಾಡಿಸಿ, ‘ಆಹಾ, ಎಷ್ಟ ದೊಡ್ಡ ಮನಸವಾ ಕಾಶವ್ವಂದು!’ ಅಂದ್ರು.

ಹಂಗ ಐತಿ. ಅದಕ್ಕ ಹೇಳತೇನಿ ಕೇಳ್ರಿ, ಬೆಂಕಿ ಸಾಮಾನ ಒಣಗಿದ ಜಾಗಾದಾಗ, ಇಲಿ ಹುಡುಗೂರ ಮುಟ್ಟಲಾರದಂಗ ಇಡಬೇಕು. ಮತ್ತ ಒಬ್ಬಾಕಿ ಮನ್ಯಾಗ ಕುಂತು ಇನ್ನೊಬ್ಬಾಕೀನ ಹೊಗಳೂದಿದ್ರ, ಮೊದಲ ಈಕೀದು ನಾಕ ಮಾತ ಹೇಳಿ ಮುಗಿಸಬೇಕು. ಹೂಂ, ಹೇಳ್ರೀಗ.