ಸೆಲಿನ್‌ಗೊಂದು ಜಾತಕ

ಹೌಜ್ ಖಾಸ್ ಸ್ಟಾಪಿನಲ್ಲಿ ಓಖ್ಲಾ ಬಸ್ಸಿಗೆ ಕಾಯುತ್ತಿದ್ದೆ. ದೆಹಲಿಯಲ್ಲಿ ಕನ್ನಡ ಕೇಳಿಸಿದರೆ ಕಿವಿ ತಾನಾಗಿ ಅತ್ತ ಹೊರಳುತ್ತದೆ. ಇಂಜಿನಿಯರಿಂಗ್ ಓದುವ ಹುಡುಗ, ಜೊತೆಗಿದ್ದವಳಿಗೆ ತನ್ನ ಡ್ರಾಯಿಂಗ್ ತೋರಿಸುತ್ತಿದ್ದ.

“ನನ್ನ ಮೆಷಿನ್ ಮೇಲೆ ಪ್ರೊಫೆಸರ್ ಏನು ಬರೆದಿದಾರೆ ನೋಡು ಸೆಲಿನ್. ‘ರೂಬ್ ಗೋಲ್ಡ್‌ಬರ್ಗಿಯನ್’. ಡಿಕ್ಷನರಿ ನೋಡಬೇಕಾಯ್ತು.”

“ಹಾಗಂದ್ರೆ?”

“ಒಂದು ಸ್ವಿಚ್ ಒತ್ತಿದ್ರೆ ಆಗೋ ಕೆಲಸಕ್ಕೆ ಹತ್ತು ಚಕ್ರ ತಿರುಗಿಸೋ ಅಂಥದ್ದು.”

“ಅಚ್ಛಾ. ನಮ್ಮ ಮದುವೆ ವಿಷಯ ಮನೇಲಿ ಹೇಗೆ ಹೇಳ್ತೀಯ?”

“ಮೊದಲು ನಿಂಗೊಂದು ಜಾತಕ ಬರೆಸ್ತೀನಿ. ಅದನ್ನ ಅತ್ತೆಗೆ ಕಳಿಸ್ತೀನಿ. ಅತ್ತೆ ಜೋಯಿಸರಿಗೆ ತೋರಿಸ್ತಾರೆ. ಜೋಯಿಸರು ಕೂಡಿಬರುತ್ತೆ ಅಂತ ಅಪ್ಪಂಗೆ ಹೇಳ್ತಾರೆ. ನಿನ್ನ ಹೆಸರು ಕೊನೇಲಿ.”

“ಚರ್ಚಿಗೆ ಹೋಗೋಳಿಗೆ ಜಾತಕ! ನಿಮ್ಮ ಪ್ರೊಫೆಸರ್ ಇದರ ಮೇಲೂ ಅದನ್ನೇ ಬರೀತಾರೆ. ನೇರವಾಗಿ ಹೇಳೋಕೇನು?”

“ಬೇಡ ಅಂದುಬಿಟ್ರೆ?”

“ನಾನು ನಿನ್ನೆ ಎಸ್‌ಟಿಡಿ ಬೂತಿಂದ ನಮ್ಮಪ್ಪಂಗೆ ಹೇಳ್ದೆ. ಎರಡೇ ನಿಮಿಷ.”

“ಏನಂದ್ರು?”

“ಬೇಡ ಅಂದ್ರು.”

ವಸಂತ್ ಕುಂಜ್ ಬಸ್ ಬಂತು. ಅವನು ಡ್ರಾಯಿಂಗ್ ಸುತ್ತಿಕೊಂಡು ಹತ್ತುವಷ್ಟರಲ್ಲಿ ಅವಳು ಕಿಟಕಿ ಪಕ್ಕ ಕೂತು, ಬದಿಯ ಸೀಟಿನ ಮೇಲೆ ಬ್ಯಾಗ್ ಇಟ್ಟು ಅವನಿಗೆ ಜಾಗ ಹಿಡಿದಿದ್ದಳು.