ಚೇಂಬರಿನ ಗೋಡೆಯ ಪುಡಿ

ಎಲ್ಲರಿಗೂ ನಮಸ್ಕಾರ. ಪ್ರಭಾ ಮೇಡಮ್, ನಿಸರ್ಗಾ — ಯಜಮಾನರನ್ನು, ಅಪ್ಪನನ್ನು ಕಳೆದುಕೊಂಡ ಈ ಹೊತ್ತಿನಲ್ಲಿ ನಿಮ್ಮ ಎದುರು ನಿಂತು ಮಾತಾಡುವುದು ಕಷ್ಟ. ನಾನು ಗುರುಪ್ರಸಾದ. ದಿವಂಗತ ಶೇಷಾದ್ರಿಯವರ ಜೊತೆ ಇಲ್ಲೇ ಸನ್ನಿವೇಲ್ ಊರಿನ ಕೋಟಿಂಗ್ ಶಾಪಿನಲ್ಲಿ ಕೆಲಸ ಮಾಡಿದವನು.

ನಮ್ಮ ಕೆಲಸ ಏನು ಅಂತ ಇಲ್ಲಿ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಗಾಳಿಯನ್ನೆಲ್ಲ ಎಳೆದು ತೆಗೆದ ಉಕ್ಕಿನ ಚೇಂಬರು. ಅದರೊಳಗೆ ಲೋಹವನ್ನು ಆವಿ ಮಾಡಿ, ತೂತು ಕೊರೆಯುವ ಡ್ರಿಲ್ ಬಿಟ್ಟುಗಳ ಮೇಲೆ ತೆಳ್ಳಗೆ ಕೂರಿಸುತ್ತೇವೆ. ಬಿಟ್ಟು ಬಂಗಾರದ ಬಣ್ಣಕ್ಕೆ ತಿರುಗುತ್ತದೆ, ಬೇಗ ಸವೆಯುವುದಿಲ್ಲ. "ನೋಡಪ್ಪಾ, ಇದು ನನಗಿಂತ ಜಾಸ್ತಿ ಬಾಳುತ್ತೆ" ಅನ್ನುತ್ತಿದ್ದರು ಶೇಷಾದ್ರಿಯವರು. ತಮಾಷೆಗೆ — ತಮಾಷೆಗೇ ಹೇಳುತ್ತಿದ್ದರು.

ಆದರೆ ಆವಿ ಬಿಟ್ಟಿನ ಮೇಲಷ್ಟೇ ಕೂರುವುದಿಲ್ಲ. ಚೇಂಬರಿನ ಗೋಡೆಗೂ ಕೂರುತ್ತದೆ, ಹಳೇ ಸುಣ್ಣದ ಹಾಗೆ ಚಕ್ಕೆ ಏಳುತ್ತದೆ. ಕೆರೆದು ತೆಗೆಯಬೇಕು. ನೀರು ತಾಗಿಸುವ ಹಾಗಿಲ್ಲ — ತೇವ ಉಳಿದರೆ ಮುಂದಿನ ಕೋಟಿಂಗು ನಿಲ್ಲುವುದಿಲ್ಲ. ಒಣಗಿದ್ದನ್ನೇ ಕೆರೆಯಬೇಕು. ಪುಡಿ ಹಾರುತ್ತದೆ. ಶೇಷಾದ್ರಿಯವರು ತಲೆ ಒಳಗೆ ಹಾಕಿ — ಹೀಗೆ, ಸೊಂಟದವರೆಗೆ — ಕೆರೆಯುತ್ತಿದ್ದರು. ಮಾಸ್ಕ್ ಹಾಕಿದರೆ ಕನ್ನಡಕ ಮಂಜಾಗುತ್ತದೆ, ಚಕ್ಕೆ ಕಾಣುವುದಿಲ್ಲ. ಒಂದು ಚಕ್ಕೆ ಉಳಿದರೂ ಇಡೀ ಬ್ಯಾಚು ಹಾಳು. ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, "ಐದು ನಿಮಿಷಕ್ಕೆ ಮೂತಿಗ್ಯಾಕಯ್ಯಾ ಲಂಗೋಟಿ?" ಅನ್ನುತ್ತಿದ್ದರು. ನಗಿ, ಪರವಾಗಿಲ್ಲ. ನಾವೂ ನಗುತ್ತಿದ್ದೆವು. ನಮ್ಮ ಮಾಸ್ಕೂ ಗದ್ದದಲ್ಲೇ ಇರುತ್ತಿತ್ತು.

ಆಮೇಲೆ ಅವರಿಗೆ ಕೆಮ್ಮು ಶುರುವಾಯಿತು. ಅಲರ್ಜಿ ಅಂದರು. ಹೂವಿನ ಪುಡಿ, ಪೋಲನ್ ಅಂದರು. ಕಾರಿನಲ್ಲಿ ಮಗಳು ನಿಸರ್ಗಾ, "ಅಪ್ಪಾ, ಪ್ಲೀಸ್ ಸೀ ಅ ಡಾಕ್ಟರ್" ಅಂದರೆ ರೇಡಿಯೋ ಜೋರು ಮಾಡುತ್ತಿದ್ದರಂತೆ. ಪುಡಿಯಿಂದಲೇ ಶ್ವಾಸಕೋಶ ಹೋಯಿತೇ — ಡಾಕ್ಟರು ಖಚಿತವಾಗಿ ಹೇಳಿಲ್ಲ. ನಾನೂ ಹೇಳಲಾರೆ. ಗೊತ್ತಿಲ್ಲದಿರುವುದೇ ನನಗೆ ದೊಡ್ಡ ಭಯ.

ಹೌದು, ಭಯ. ಸೋಮವಾರ ಅದೇ ಚೇಂಬರನ್ನು ಕೆರೆಯಬೇಕು. ಸರದಿ ನನ್ನದು. ನಿನ್ನೆ ಅದರ ಮುಂದೆ ನಿಂತೆ, ಬಾಗಿಲ ಹಿಡಿ ಮುಟ್ಟಲು ಕೈ ಬರಲಿಲ್ಲ.

ಬಿಂದುಶ್ರೀ — ನನ್ನ ಹೆಂಡತಿ, ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಯುಗಾದಿಯಿಂದ ನಾನು ಕೆಮ್ಮಿದಾಗಲೆಲ್ಲ ಅವಳಿಗೆ "ನೆಗಡಿ ಕಣೇ" ಅಂತ ಹೇಳುತ್ತಾ ಬಂದಿದ್ದೇನೆ. ಬಿಂದು — ಅದು ನೆಗಡಿ ಅಲ್ಲ ಕಣೇ. ಏನಂತ ನನಗೂ ಗೊತ್ತಿಲ್ಲ. ಸೋಮವಾರ ಶಾಪಿಗೆ ಹೋಗುವ ಮೊದಲು ಡಾಕ್ಟರ ಹತ್ತಿರ ನನ್ನನ್ನು ಕರೆದುಕೊಂಡು ಹೋಗು. ಒಬ್ಬನೇ ಹೋಗಲು ಹೆದರಿಕೆಯಾಗುತ್ತದೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಶೇಷಾದ್ರಿಯವರಿಗಾಗಿ ಸ್ವಲ್ಪ ಹೊತ್ತು ಮೌನ. ಶಾಪಿನ ಗೆಳೆಯರೇ, ನಡುವೆ ಕೆಮ್ಮು ಬಂದರೆ ತಡೆಯಬೇಡಿ — ಮನೆಯವರಿಗೆ ಕೇಳಿಸಲಿ.